ಮೇಜಿನ ಮೇಲಿನ ಸರೋವರ

ಮಾರ್ಚ್ ೪, ಸೋಮವಾರ

ಅಂತೂ ಸರೋವರದ ಫೈಲು ನನ್ನ ಮೇಜಿಗೇ ಬಂತು. ನಮ್ಮ ಯೋಜನಾ ಕಚೇರಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತೇವೆ, ಅವರು ನನ್ನ ಭುಜಕ್ಕೂ ಬರುವುದಿಲ್ಲ ಅನ್ನುವುದು ಬೇರೆ ಮಾತು. ಬೆಳಿಗ್ಗೆ ಕರೆದು, "ಪರಿಸರ ವರದಿ ನೀವೇ ಬರೀಬೇಕಮ್ಮ. ಈ ಕಟ್ಟಡದಲ್ಲಿ ನೀರಿನ ವಿಷಯ ಓದಿರೋರು ನೀವೊಬ್ಬರೇ" ಎಂದರು. ಇಷ್ಟು ವರ್ಷ ರಸ್ತೆ ಅಗಲ ಮಾಡುವ ವರದಿಗಳಲ್ಲಿ ಮರ ಎಣಿಸಿ ಎಣಿಸಿ ನಾನು ನೀರಿನ ವಿಷಯ ಓದಿದ್ದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಯೋಜನೆ ಸರಳ. ನದಿ ಸಮುದ್ರ ಸೇರುವ ಅಳಿವೆಯ ಬಾಯಿಗೆ ಅಡ್ಡಲಾಗಿ ಗೇಟುಗಳಿರುವ ಒಂದು ಬ್ಯಾರೇಜು. ಉಬ್ಬರದಲ್ಲಿ ಒಳಗೆ ಬಂದ ನೀರು ಇಳಿತದಲ್ಲಿ ಹೊರಗೆ ಹೋಗದಂತೆ ಹಿಡಿದಿಟ್ಟರೆ ಊರ ಮುಂದೆ ವರ್ಷವಿಡೀ ತುಂಬಿದ ಸರೋವರ. ನನ್ನ ಕೇಳಿದರೆ ಇದನ್ನು ಎಂದೋ ಮಾಡಬೇಕಿತ್ತು. ಈಗ ದಿನಕ್ಕೆ ಎರಡು ಸಲ ನೀರು ಜಾರಿಹೋಗಿ, ನಮ್ಮ ಮನೆಯ ಮುಂದೆ ಕಣ್ಣು ಹರಿಯುವಷ್ಟು ದೂರ ಕಪ್ಪು ಕೆಸರು ಬಿಟ್ಟುಹೋಗುತ್ತದೆ. ಆ ನಾತಕ್ಕೆ ಅಡುಗೆಮನೆಯ ಕಿಟಕಿಯನ್ನು ತೆರೆದವರೇ ಇಲ್ಲ.

ಮನೆಯಲ್ಲಿ ನನಗಿಂತ ಹೆಚ್ಚು ಸಂಭ್ರಮ ಮಾವನಿಗೆ. ಜೀವಮಾನವಿಡೀ ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವರು, ಕೆಲಸ ಬಿಟ್ಟ ಮೇಲೆ ಹಿತ್ತಿಲಲ್ಲಿ ಹಾಯಿದೋಣಿ ಕಟ್ಟಿದರು. ನನ್ನ ಬಟ್ಟೆ ಒಣಹಾಕುವ ತಂತಿ ಇದ್ದ ಜಾಗವೇ ಬೇಕಾಯಿತು ಅವರಿಗೆ. ದೋಣಿ ಮುಗಿದು ಎಷ್ಟೋ ಕಾಲವಾಯಿತು, ನೀರಿಗೆ ಮಾತ್ರ ಇಳಿದಿಲ್ಲ. "ಈ ಕೆಸರಲ್ಲಿ ಹೊರಳಾಡಿಸೋಕಾ ನಾನು ಇಷ್ಟು ಪಾಲಿಶ್ ಹೊಡೆದಿದ್ದು? ಸರೋವರ ಬರ್ಲಿ" ಎಂದು ಕಾಯುತ್ತಿದ್ದಾರೆ. ಬೀದಿಯವರನ್ನೆಲ್ಲ ಸೇರಿಸಿ ಸರೋವರ ಸ್ವಾಗತ ಸಮಿತಿ ಅಂತ ಕಟ್ಟಿ ತಾವೇ ಅಧ್ಯಕ್ಷರಾಗಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ.

ಮಾರ್ಚ್ ೫

ಮಾವ ಸಮಿತಿಯ ಅಧ್ಯಕ್ಷರು, ಹಾಗಾಗಿ ವರದಿಯನ್ನು ನಾನು ಬರೆದರೆ ಜನ ಆಡಿಕೊಳ್ಳುವುದಿಲ್ಲವೇ ಎಂದು ದೊಡ್ಡವರನ್ನು ಕೇಳಿದೆ. ಅವರು ನಕ್ಕು, "ಸೊಸೆ ಮಾವನ ಮಾತು ಕೇಳಿದಳು ಅಂತ ಯಾರಮ್ಮ ದೂರು ಕೊಡ್ತಾರೆ? ಅವರಿಗೆ ಬೇಕಾಗಿರೋದೇ ನಮಗೂ ಬೇಕು" ಎಂದರು.

ಮನೆಗೆ ಬಂದರೆ ಮಾವ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದಾರೆ: "ಫೈಲು ನಮ್ಮ ಸೊಸೆ ಕೈಲೇ ಇದೆ." ಮೂಲೆ ಮನೆಯಾಕೆ ನನ್ನನ್ನು ನಿಲ್ಲಿಸಿ, ಸರೋವರಕ್ಕೆ ಬಾತುಕೋಳಿ ಸರಕಾರವೇ ಬಿಡುತ್ತದೆಯೋ ನಾವೇ ತರಬೇಕೋ ಎಂದು ಕೇಳಿದರು.

ಮಾರ್ಚ್ ೧೩

ಕೆಸರಿನ ಸರ್ವೆ. ಜೊತೆಗೆ ಬಂದವಳು ಹಕ್ಕಿ ಎಣಿಸುವ ದುರ್ಬೀನಕ್ಕ. ಊಟ ಮಾಡುವಾಗಲೂ ಕೊರಳಲ್ಲಿ ದುರ್ಬೀನು ತೂಗಾಡುವುದರಿಂದ ಆ ಹೆಸರು. ಅವಳು ಕೆಸರಿನ ಮೇಲೆ ರಂಗದ ಮೇಲಿನ ನರ್ತಕಿಯ ಹಾಗೆ ನಡೆದುಹೋದಳು. ನಾನು ನಾಲ್ಕು ಹೆಜ್ಜೆ ಇಟ್ಟು ಮೊಣಕಾಲುದ್ದ ಹೂತುಕೊಂಡೆ. ಕಾಲು ಬಂತು, ಗಮ್‌ಬೂಟು ಬರಲಿಲ್ಲ. ಅದನ್ನು ಎಳೆಯಲು ಬಗ್ಗಿದವಳು ಹಾಗೇ ಕುಳಿತುಬಿಟ್ಟೆ.

"ನಿಧಾನಕ್ಕೆ ಏಳ್ರೀ. ಕೆಸರಿನ ಜೊತೆ ಜಗಳ ಆಡಬಾರದು" ಎಂದಳು ದುರ್ಬೀನಕ್ಕ.

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಇಂಥ ಕೊಳಕನ್ನು ಮುಳುಗಿಸಲು ಒಂದು ವರದಿ ಬೇರೆ ಬೇಕೇ? ಮಾದರಿ ಬಾಟಲಿಗಳನ್ನು ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಮಾರ್ಚ್ ೨೦

ಇವತ್ತು ನನ್ನ ಬುದ್ಧಿಗೆ ನಾನೇ ಶಭಾಷ್ ಹೇಳಿಕೊಂಡ ದಿನ. ಜನ ನೋಡಲೆಂದು ಕೆಳಗಿನ ಹಜಾರದಲ್ಲಿ ಸರೋವರದ ಮಾದರಿ ಇಟ್ಟಿದ್ದಾರೆ. ಊಟದ ಮೇಜಿನ ಎರಡರಷ್ಟು ದೊಡ್ಡದು. ಬೆಂಕಿಪೆಟ್ಟಿಗೆಯಂಥ ಮನೆಗಳು, ಹಲ್ಲುಕಡ್ಡಿಯ ದೀಪದ ಕಂಬಗಳು, ತೆರೆದು ಮುಚ್ಚುವ ಪುಟ್ಟ ಗೇಟುಗಳು. ಮಾಡಿದವನು, ನಾವು ನೀಲಿ ಅನ್ನುವ ನಮ್ಮ ಎಂಜಿನಿಯರ್. ನಕಾಶೆಯಲ್ಲಿ ಚರಂಡಿಗೂ ಆಕಾಶನೀಲಿ ಬಣ್ಣ ಹಚ್ಚುವ ಪುಣ್ಯಾತ್ಮ. ನಲ್ಲಿ ನೀರಿಗೆ ಬಣ್ಣ ಬೆರೆಸಿ ಸುರಿದಿದ್ದ, ಬಟ್ಟೆಗೆ ನೀಲಿ ಹಾಕುವ ಬಕೆಟ್ಟಿನ ಹಾಗೆ ಕಾಣುತ್ತಿತ್ತು.

"ಅಳಿವೆ ನೀರನ್ನೇ ತಂದು ತುಂಬಿಸಿ. ಜನಕ್ಕೆ ನಂಬಿಕೆ ಬರುತ್ತೆ" ಅಂದೆ ನಾನು.

ದೊಡ್ಡವರಿಗೆ ಎಷ್ಟು ಹಿಡಿಸಿತೆಂದರೆ ಅವರೇ ಡ್ರಮ್ಮು ಹಿಡಿದುಕೊಂಡು ಜೀಪಿನಲ್ಲಿ ಹೋದರು. ತುಂಬಿಸಿ, ಗೇಟು ಮುಚ್ಚಿ, ಕಿಟಕಿಯ ಬಿಸಿಲು ಬೀಳುವಂತೆ ಮೇಜನ್ನು ಸರಿಸಿದೆವು. ನೀರು ಫಳಫಳ ಹೊಳೆಯಿತು. ಸಂಜೆ ಮಾವ ಸಮಿತಿಯನ್ನು ಕರೆತಂದು ತೋರಿಸಿದರು. ತಮ್ಮ ದೋಣಿಯ ಒಂದು ಪುಟಾಣಿ ರೂಪವನ್ನು ಜೇಬಿನಿಂದ ತೆಗೆದು ನೀರಿನಲ್ಲಿ ಬಿಟ್ಟರು. ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಮೇಣದಲ್ಲೇ ಮಾಡಿದ್ದರು. ಅದು ತೇಲುವುದನ್ನು ನೋಡುತ್ತ ನಿಂತ ಅವರ ಮುಖ ಕಂಡು, ಈ ಸರೋವರವನ್ನು ನಾನು ಮಾಡಿಸಿಯೇ ತೀರುತ್ತೇನೆ ಅಂದುಕೊಂಡೆ.

ಮಾರ್ಚ್ ೨೭

ಬೆಳಿಗ್ಗೆಯಿಂದ ಸಂಜೆಯವರೆಗೂ ಕೆಸರನ್ನು ಜಾಲರಿಯಲ್ಲಿ ತೊಳೆದೆವು. ಒಂದು ಹಿಡಿ ಕೆಸರಿನಲ್ಲಿ ಇಷ್ಟೊಂದು ಜನ ಸಂಸಾರ ಹೂಡಿದ್ದಾರೆಂದು ಯಾರಿಗೆ ಗೊತ್ತಿತ್ತು? ದಾರದಂಥ ಹುಳುಗಳು, ಅಕ್ಕಿಕಾಳಿನಂಥ ಚಿಪ್ಪುಗಳು, ಒಂದು ಏಡಿಯಂತೂ ನನ್ನ ಬೆರಳಿಗೇ ಕೈ ಎತ್ತಿತು. ಆಕಾರ ನೋಡಿದರೆ ಅಂಗಿಯ ಗುಂಡಿಯಷ್ಟು, ಠೀವಿ ನಮ್ಮ ದೊಡ್ಡವರದು. ನಗು ತಡೆಯಲಾಗಲಿಲ್ಲ. ವಾಪಸು ಬಿಟ್ಟುಬಂದೆ.

ಏಪ್ರಿಲ್ ೩

ಮಾದರಿಯ ಸರೋವರ ಹಸಿರಾಗುತ್ತಿದೆ. ಮೊದಲು ಅಂಚಿನಲ್ಲಿ ಒಂದು ಎಳೆ, ಈಗ ಪೂರ್ತಿ. ವಾಸನೆಯೂ ಇದೆ. ನೀಲಿಗೆ ಕೋಪ ಮೂಗಿನ ತುದಿಯಲ್ಲಿ. "ನೀವು ಹೇಳಿದ್ರಿ ಅಂತ ತಾನೇ ತುಂಬಿಸಿದ್ದು?" ಎಂದ. ಅಷ್ಟರಲ್ಲಿ ನೋಡಲು ಬಂದ ಒಬ್ಬ ಹಿರಿಯಾಕೆ ಕನ್ನಡಕ ಏರಿಸಿಕೊಂಡು ಬಗ್ಗಿ, "ಅಯ್ಯೋ, ಸೊಳ್ಳೆ ಮರೀನೂ ಬಿಟ್ಟಿದೀರಾ! ಎಷ್ಟು ಚೆನ್ನಾಗಿ ಮಾಡಿದೀರಪ್ಪ!" ಎಂದು ಮೆಚ್ಚಿಕೊಂಡರು.

ಹಳೆಯದನ್ನು ಚೆಲ್ಲಿ ಹೊಸ ಅಳಿವೆ ನೀರು ತುಂಬಿಸಿದೆವು.

ಏಪ್ರಿಲ್ ೧೦

ಮತ್ತೆ ಹಸಿರು.

ಮನೆಯಲ್ಲೂ ಒಂದು ಸಣ್ಣ ಕಿರಿಕಿರಿ. ನಮ್ಮ ಮನೆಯವರು ಗಣಿತದ ಮೇಷ್ಟ್ರು, ಉತ್ತರಪತ್ರಿಕೆ ತಿದ್ದುವಾಗ ನೊಣ ಹಾರಿದರೂ ಲೆಕ್ಕ ತಪ್ಪುತ್ತದೆ. "ಅಡುಗೆಮನೆ ಕಿಟಕಿ ಯಾರು ತೆಗೆದಿಟ್ಟಿದ್ದು? ವಾಸನೆ ಬರ್ತಿದೆ" ಎಂದು ಕೂಗಿದರು. ನಾನೇ ತೆಗೆದಿರಬೇಕು. ಸಂಜೆ ನೀರು ಇಳಿಯುವ ಹೊತ್ತಿಗೆ ಉದ್ದ ಕೊಕ್ಕಿನ ಹಕ್ಕಿಗಳ ದಂಡು ಬರುತ್ತದೆ, ಅದನ್ನು ನೋಡಿ ದುರ್ಬೀನಕ್ಕನಿಗೆ ಹೇಳಬೇಕಿತ್ತು, ಅಷ್ಟೇ.

ಏಪ್ರಿಲ್ ೧೫

ನೀಲಿ ಗೆದ್ದ! ಮೀನಿನ ತೊಟ್ಟಿಯ ಪಂಪು ತಂದು, ಮೇಜಿನ ಕೆಳಗೆ ಒಂದು ಟಬ್ಬಿಟ್ಟು, ದಿನಕ್ಕೆ ಎರಡು ಸಲ ಗೇಟು ತಾನೇ ತೆರೆದು ಹಳೇ ನೀರು ಕೆಳಗಿಳಿಯುವಂತೆ, ಆಮೇಲೆ ಹೊಸ ನೀರು ಮೇಲೇರುವಂತೆ ಮಾಡಿದ್ದಾನೆ. ಹಸಿರೂ ಇಲ್ಲ, ಸೊಳ್ಳೆಯೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ದೊಡ್ಡವರು ಎಲ್ಲರಿಗೂ ಟೀ ತರಿಸಿದರು.

ಟೀ ಅರ್ಧ ಕುಡಿಯುವಷ್ಟರಲ್ಲಿ ಗೇಟು ತೆರೆಯಿತು. ನೀರು ಸೊರ್ರನೆ ಇಳಿಯಿತು. ಮಾವನ ಗುಲಾಬಿ ದೋಣಿ ತಳ ಕಚ್ಚಿ ಪಕ್ಕಕ್ಕೆ ವಾಲಿತು. ಹಲ್ಲುಕಡ್ಡಿಯ ದೀಪಗಳ ಮುಂದೆ ಬರೀ ತಳದಲ್ಲಿ ಕೂತಿದ್ದ ಕೆಸರು.

"ಅಂದ್ರೆ..." ಎಂದ ನೀಲಿ, ಕಪ್ಪು ಕೆಳಗಿಟ್ಟು. "ಈಗ ಹೊರಗಡೆ ಏನಿದೆಯೋ ಅದನ್ನೇ ನಾನು ಕಟ್ಟಿದೀನಿ."

ಆಮೇಲೆ ನೀಲಿಯೇ ಮೊದಲು ನಕ್ಕ. ಪಾಪ, ಒಳ್ಳೆಯವನು.

ಏಪ್ರಿಲ್ ೧೯

ಬಟ್ಟಲಿನ ನೀರು ಕೆರೆಯಲ್ಲ, ಗೊತ್ತು. ಮೇಜಿನ ಮೇಲೆ ಕಂಡಿದ್ದನ್ನು ವರದಿಯಲ್ಲಿ ಬರೆದರೆ ಯಾರಾದರೂ ನಕ್ಕಾರು. ಅದಕ್ಕೇ ಈ ವಾರವೆಲ್ಲ ಮಾದರಿ ಬಾಟಲಿಗಳ ಫಲಿತಾಂಶ ಹಿಡಿದು ಕೂತಿದ್ದೆ. ಮೇಲಿನ ಊರುಗಳ ಚರಂಡಿಯೆಲ್ಲ ನದಿಗೆ ಬರುತ್ತದೆ. ಇಷ್ಟು ದಿನ ಅದನ್ನು ತೊಳೆಯುತ್ತಿದ್ದದ್ದು ಉಬ್ಬರ ಇಳಿತ. ಗೇಟು ಮುಚ್ಚಿದರೆ ಬೇಸಿಗೆಯಲ್ಲಿ ನೀರು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಹೇಗೆ ತಿರುಗಿಸಿ ಲೆಕ್ಕ ಹಾಕಿದರೂ ಹಸಿರೇ. ನಮ್ಮ ಮನೆಯವರ ಕೈಯಲ್ಲೂ ಒಮ್ಮೆ ತಿದ್ದಿಸಿದೆ. "ಲೆಕ್ಕ ಸರಿ ಇದೆ ಕಣೆ" ಎಂದರು. ಅವರು ಅಷ್ಟು ಬೇಜಾರಿನಲ್ಲಿ ಯಾರ ಲೆಕ್ಕವನ್ನೂ ಸರಿ ಅಂದಿರಲಿಲ್ಲ.

ಹಕ್ಕಿಗಳದ್ದು ಇನ್ನೊಂದು ಕಥೆ. ಕೆಸರು ಮುಳುಗಿದರೆ ಅವಕ್ಕೆ ಉಪವಾಸವೇ ಗತಿ.

ಮಾವನಿಗೆ ಯಾವ ಬಾಯಲ್ಲಿ ಹೇಳಲಿ?

ಏಪ್ರಿಲ್ ೨೧, ಭಾನುವಾರ

ಹೇಳಲೇಬೇಕೆಂದು ಹಿತ್ತಿಲಿಗೆ ಹೋದೆ. ಮಾವ ದೋಣಿಗೆ ಇನ್ನೊಂದು ಕೈ ವಾರ್ನಿಷ್ ಹೊಡೆಯುತ್ತಿದ್ದರು. ಇದು ಎಷ್ಟನೆಯದೆಂದು ದೋಣಿಗೂ ಗೊತ್ತಿರಲಾರದು.

"ಬಾಮ್ಮ. ಸರೋವರ ಯಾವಾಗ ತುಂಬುತ್ತೆ, ಒಂದು ಅಂದಾಜು ಹೇಳು."

"ಇನ್ನೂ ಲೆಕ್ಕ ನಡೀತಿದೆ ಮಾವ."

"ಬೇಗ ಮುಗಿಸು. ನೋಡಿಲ್ಲಿ." ಬ್ರಷ್ಷು ಹಿಡಿದ ಕೈ ಚಾಚಿದರು. ತುದಿ ಸಣ್ಣಗೆ ನಡುಗುತ್ತಿತ್ತು. "ಹಗ್ಗ ಎಳೆಯೋಕೆ ಇನ್ನೂ ಶಕ್ತಿ ಇದೆ. ಎಷ್ಟು ದಿನ ಇರುತ್ತೋ. ಒಂದ್ಸಲ ಹಾಯಿ ಬಿಚ್ಚಿ ಹೋಗಿಬಿಟ್ರೆ ಸಾಕು ನಂಗೆ."

ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಇನ್ನೊಂದು ಬ್ರಷ್ಷು ತೆಗೆದುಕೊಂಡು ಅವರ ಪಕ್ಕ ಕೂತು ನಾನೂ ವಾರ್ನಿಷ್ ಹೊಡೆದೆ. ಗೆರೆ ನೆಟ್ಟಗೆ ಬರಲಿಲ್ಲವೆಂದು ಬೈಸಿಕೊಂಡೆ. ಮದುವೆಯಾಗಿ ಬಂದ ಮೇಲೆ ಮಾವನ ಜೊತೆ ಅಷ್ಟು ಹೊತ್ತು ಕೂತದ್ದು ಇದೇ ಮೊದಲೇನೋ.

ಮೇ ೨

ದೊಡ್ಡವರು ಕರಡು ಓದಿ ಕನ್ನಡಕ ತೆಗೆದಿಟ್ಟರು.

"ಇಷ್ಟು ನೇರವಾಗಿ ಬರೀಬೇಕಾ? 'ಕೆಲವು ಪರಿಣಾಮಗಳು ಉಂಟಾಗಬಹುದು, ಸೂಕ್ತ ಕ್ರಮಗಳಿಂದ ನಿಭಾಯಿಸಬಹುದು' ಅಂತ ಬರೆದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗುತ್ತೆ ಸರ್."

"ಆ ದೀಪದ ಬೆಳಕಲ್ಲೇ ನಾನು ಇಷ್ಟು ವರ್ಷ ನೌಕರಿ ಮಾಡಿದೀನಮ್ಮ."

ನಗು ಬಂತು. ಅವರಿಗೂ ಬಂತು. ಆಮೇಲೆ ನಾನು, "ಕೆಳಗಿನ ಮಾದರಿಗೆ ಯಾವ ಸೂಕ್ತ ಕ್ರಮ ತಗೊಂಡ್ವಿ ಸರ್?" ಎಂದು ಕೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಸಹಿ ನಿಮ್ಮದು. ಬೈಗುಳ ಬಂದ್ರೆ ಅರ್ಧ ನಂದು. ಕಳಿಸಿ" ಎಂದರು. ನಾನು ಅವರನ್ನು ಇಷ್ಟು ದಿನ ತಪ್ಪು ತಿಳಿದಿದ್ದೆ.

ವರದಿಯನ್ನು ಜನರ ಮುಂದೆ ಓದುವ ಅಹವಾಲು ಸಭೆ ಮುಗಿಯುವವರೆಗೂ ಅದರಲ್ಲಿ ಏನಿದೆ ಅಂತ ಹೊರಗೆ ಬಾಯಿ ಬಿಡುವಂತಿಲ್ಲ, ಮನೆಯಲ್ಲೂ. ಲೆಕ್ಕ ತಿದ್ದಿದ ನಮ್ಮ ಮನೆಯವರ ಬಾಯಿಗೂ ಬೀಗ. ಆ ನಿಯಮ ಇರುವುದು ಒಳ್ಳೆಯದೇ ಆಯಿತು ಅಂದುಕೊಂಡೆ. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಮೇ ೧೬, ಗುರುವಾರ

ಅಹವಾಲು ಸಭೆ. ಪುರಭವನ ತುಂಬಿತ್ತು. ಸ್ವಾಗತ ಸಮಿತಿಯವರು ಮುಂದಿನ ಸಾಲಿನಲ್ಲಿ, ನಡುವೆ ಮಾವ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಬೆಳಿಗ್ಗೆ ಅದನ್ನು ಇಸ್ತ್ರಿ ಮಾಡಿಕೊಟ್ಟವಳು ನಾನೇ.

ಓದಿದೆ. ನೀರು, ಚರಂಡಿ, ಪಾಚಿ, ಹಕ್ಕಿ. ಕೊನೆಗೆ: ಈಗ ಇರುವ ರೂಪದಲ್ಲಿ ಯೋಜನೆ ಸೂಕ್ತವಲ್ಲ, ಮೊದಲು ಮೇಲಿನ ಊರುಗಳ ಚರಂಡಿ ನೀರನ್ನು ಶುದ್ಧ ಮಾಡುವ ಕೆಲಸ ಆಗಬೇಕು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮುಂದಿನ ಸಾಲಿನಲ್ಲಿ ಯಾರೋ ಛೀ ಎಂದರು. ನಾನು ಮಾವನ ಕಡೆ ನೋಡಲಿಲ್ಲ.

ಪ್ರಶ್ನೆಗಳಿಗೆ ಕರೆದಾಗ ಮೊದಲು ಎದ್ದವರು ಅವರೇ. ಮೈಕು ತೆಗೆದುಕೊಂಡು, ಎಂದೂ ಇಲ್ಲದ ಗೌರವದಲ್ಲಿ ಕೇಳಿದರು:

"ಮೇಡಂ, ತಮ್ಮ ಮನೇಲಿ ಯಾರಿಗಾದ್ರೂ ಈ ಸರೋವರ ಬೇಕಿತ್ತಾ?"

ಸಭೆ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ.

"ಬೇಕಿತ್ತು. ನಮ್ಮ ಮಾವನಿಗೆ. ಅವರು ಅದಕ್ಕೋಸ್ಕರ ದೋಣಿ ಮಾಡಿಟ್ಟುಕೊಂಡು ಕಾಯ್ತಿದಾರೆ. ನನಗೂ ಬೇಕಿತ್ತು."

"ಅವರಿಗೆ ಏನು ಹೇಳಿದ್ರಿ?"

"ಏನೂ ಹೇಳಿಲ್ಲ. ಈಗ ಹೇಳ್ತಾ ಇದೀನಿ. ಅವರು ಮಾಡಿರೋ ದೋಣಿ ಹಸಿರು ಪಾಚಿ ಮೇಲೆ ತೇಲೋದು ನನಗೆ ಬೇಡ."

ಮಾವ ಮೈಕನ್ನು ಪಕ್ಕದವರಿಗೆ ಕೊಟ್ಟು ಕುಳಿತರು. ಮೂಲೆ ಮನೆಯಾಕೆ ಎದ್ದು ಬಾತುಕೋಳಿಗಳ ಬಗ್ಗೆ ಕೇಳಿದರು.

ಮೇ ೧೭

ಮಾವ ಮಾತಾಡಲಿಲ್ಲ.

ಮೇ ೧೮

ಇವತ್ತೂ ಇಲ್ಲ. ಉಪ್ಪು ಬೇಕಾದರೆ ನಮ್ಮ ಮನೆಯವರಿಗೆ ಹೇಳುತ್ತಾರೆ, ಅವರು ನನಗೆ ಹೇಳುತ್ತಾರೆ, ಉಪ್ಪು ಇರುವುದು ಮಾವನ ಕೈಯ ಪಕ್ಕದಲ್ಲೇ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮೇ ೨೩

ನಗರಸಭೆ ಯೋಜನೆಯನ್ನು ಸದ್ಯಕ್ಕೆ ಬದಿಗಿಟ್ಟಿದೆ. ಚರಂಡಿ ಕೆಲಸ ಮೊದಲಂತೆ. ನೀಲಿಗೆ ಆ ಕೆಲಸವೇ ಸಿಕ್ಕಿದೆ, ಖುಷಿಯಾಗಿದ್ದಾನೆ.

ಸಂಜೆ ಬಂದಾಗ ಬಾಗಿಲ ಮೇಲಿದ್ದ ಸಮಿತಿಯ ಬೋರ್ಡು ಇರಲಿಲ್ಲ. ಹಿತ್ತಿಲಿಗೆ ಹೋದರೆ ಮಾವ ಅದನ್ನು ಎರಡು ತುಂಡು ಮಾಡಿ ಗೀಸುತ್ತಿದ್ದರು.

ತಲೆ ಎತ್ತದೆ ಹೇಳಿದರು: "ಹಲಗೆ ಒಳ್ಳೇದು. ದೋಣೀಲಿ ಇನ್ನೊಬ್ಬರು ಕೂತ್ಕೊಳೋಕೆ ಜಾಗ ಇರಲಿಲ್ಲ." ಹಲಗೆಯ ಮೇಲಿನ ಪುಡಿ ಊದಿ, "ಭಾನುವಾರ ಉಬ್ಬರ ಎಷ್ಟೊತ್ತಿಗೆ? ನಿಂಗೆ ಗೊತ್ತಿರುತ್ತಲ್ಲ" ಎಂದರು.

ಸಮಯ ಹೇಳಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಮೇ ೨೬, ಭಾನುವಾರ

ಕೈ ನೋಯುತ್ತಿದೆ, ಮೂಗು ಬಿಸಿಲಿಗೆ ಸುಟ್ಟಿದೆ, ಆದರೂ ಬರೆಯದಿದ್ದರೆ ನಿದ್ದೆ ಬರದು.

ಬೆಳಿಗ್ಗೆ ನೀರು ತುಂಬಿ ದಡ ಮುಟ್ಟಿದಾಗ ಬೀದಿಯವರೆಲ್ಲ ಸೇರಿ ದೋಣಿಯನ್ನು ಹೊತ್ತು ತಂದರು. ಹಳೆಯ ಸ್ವಾಗತ ಸಮಿತಿ ಪೂರ್ತಿ ಹಾಜರು. ನಮ್ಮ ಮನೆಯವರು ನೀರಿಗೆ ಹೆದರುವವರು, ಮೊಣಕಾಲುದ್ದ ಇಳಿದು ನೂಕಿದರು. ಹೊಸ ಹಲಗೆಯ ಮೇಲೆ ನಾನು ಕೂತೆ, ಮಾವ ಹಾಯಿ ಬಿಚ್ಚಿದರು. ಗಾಳಿ ಹಿಡಿಯಿತು. ಹಗ್ಗ ಹಿಡಿದ ಅವರ ಕೈ ನಡುಗುತ್ತಿತ್ತೋ ಇಲ್ಲವೋ ನಾನು ನೋಡಲಿಲ್ಲ, ಮುಖ ನೋಡುತ್ತಿದ್ದೆ. ದಡದಲ್ಲಿ ಜನ ಕೂಗುವುದು ಕೇಳಿಸುತ್ತಿತ್ತು, ಮಾವ ಅವರಿಗಿಂತ ಜೋರಾಗಿ ಕೂಗುತ್ತಿದ್ದರು, ಏನಂತ ಅವರಿಗೂ ಗೊತ್ತಿಲ್ಲ.

ನೀರು ಇಳಿಯಲು ಶುರುವಾಯಿತು, ತಿರುಗಿಸಿ ಮಾವ ಅಂದೆ. "ಇನ್ನೊಂದು ಸುತ್ತು" ಎಂದರು. ಮತ್ತೆ ಅಂದೆ. "ಇದೇ ಕೊನೇದು" ಎಂದರು. ಮೂರನೇ ಸಲ ನಾನು ಅನ್ನಲಿಲ್ಲ, ದೋಣಿಯೇ ಅಂದಿತು. ಗರ್ರ್ ಎಂದು ತಳ ಕೂತಿತು. ನೋಡನೋಡುತ್ತಿದ್ದಂತೆ ನೀರು ನಮ್ಮನ್ನು ಬಿಟ್ಟುಹೋಯಿತು. ಅಷ್ಟು ಪಾಲಿಶ್ ಹೊಡೆದ ದೋಣಿ ಕೆಸರಿನ ನಟ್ಟನಡುವೆ ಓರೆಯಾಗಿ ಒರಗಿತು, ಜೊತೆಗೆ ನಾವೂ.

ದಡದಿಂದ ನಮ್ಮ ಮನೆಯವರ ಫೋನು ಬಂತು. "ಬರ್ಲಾ?"

"ಹೇಗೆ ಬರ್ತೀರಾ? ಹೂತುಹೋಗ್ತೀರಾ. ಸಂಜೆ ನೀರು ಬಂದ ಮೇಲೆ ನಾವೇ ಬರ್ತೀವಿ" ಅಂದೆ.

ಮಾವ ಹಾಯಿ ಮಡಚಿಟ್ಟರು. ಆಮೇಲೆ ಹೇಳಿದರು, "ಬೇಜಾರು ಇದೆ ಅಮ್ಮ. ಇಲ್ಲ ಅಂತ ಸುಳ್ಳು ಹೇಳಲ್ಲ."

"ನನಗೂ ಇದೆ ಮಾವ."

"ಅಷ್ಟು ಜನರ ಮುಂದೆ ಹೇಳಿಬಿಟ್ಟೆಯಲ್ಲ."

"ಅಷ್ಟು ಜನರ ಮುಂದೆ ನೀವು ಕೇಳಿಬಿಟ್ರಲ್ಲ."

ಅವರು ಕಣ್ಣರಳಿಸಿ ನನ್ನನ್ನು ನೋಡಿ ನಕ್ಕರು. ಓರೆ ದೋಣಿಯಲ್ಲಿ ನಕ್ಕರೆ ಜಾರುತ್ತದೆ, ಇಬ್ಬರೂ ಒಂದೇ ಮೂಲೆಗೆ ಬಂದು ಬಿದ್ದೆವು.

ನಾವು ಅಲ್ಲಾಡದೆ ಕೂತಿದ್ದಕ್ಕೋ ಏನೋ, ಹಕ್ಕಿಗಳು ಬರತೊಡಗಿದವು. ಮೊದಲು ದೂರದಲ್ಲಿ, ಆಮೇಲೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಾಗಿದ ಕೊಕ್ಕಿನ ಒಂದು ಹಕ್ಕಿ ಕೆಸರಿನೊಳಗೆ ಕೊಕ್ಕಿಳಿಸಿ, ಅತ್ತಿತ್ತ ಅಲ್ಲಾಡಿಸಿ, ಮೆತ್ತಗೆ ಒಂದು ಉದ್ದನೆಯ ಹುಳ ಎಳೆಯಿತು. ತುಂಡಾಗಲಿಲ್ಲ. ಮಾವ ಉಸಿರು ಬಿಗಿಹಿಡಿದರು.

"ನೋಡು, ನೋಡು. ಬೇರು ಸಮೇತ ಹಲ್ಲು ಕಿತ್ತ ಹಾಗೆ! ನಮ್ಮ ಹಲ್ಲಿನ ಡಾಕ್ಟರಿಗೂ ಇಷ್ಟು ನಾಜೂಕು ಇರಲಿಲ್ಲ." ಪಿಸುಗುಟ್ಟುತ್ತ ಕೇಳಿದರು, "ಇದು ಯಾವ ಹಕ್ಕಿ?"

ಹೇಳಿದೆ. ಅದರ ಪಕ್ಕದ್ದು? ಅದನ್ನೂ ಹೇಳಿದೆ. ಅವು ಎಲ್ಲಿಂದ ಬರುತ್ತವೆ, ಆ ಹುಳ ಎಷ್ಟು ಆಳದಲ್ಲಿರುತ್ತದೆ, ಕೆಸರಿನ ಮೇಲಿನ ಆ ಸಣ್ಣ ತೂತುಗಳು ಯಾರ ಮನೆ, ಕೇಳುತ್ತಲೇ ಹೋದರು. ನಾನು ಬೂಟು ಬಿಚ್ಚಿಟ್ಟು, ಕೆಳಗಿಳಿದು, ಒಂದು ಹಿಡಿ ಕೆಸರು ತಂದು ಅವರ ಅಂಗೈಗೆ ಹಾಕಿ ತೋರಿಸಿದೆ. ಮಧ್ಯಾಹ್ನ ಕಳೆದದ್ದೇ ತಿಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನೀರು ಬಂತು, ದೋಣಿ ಮೆಲ್ಲಗೆ ನೆಟ್ಟಗಾಯಿತು, ಹಕ್ಕಿಗಳು ಎದ್ದುಹೋದವು. ಮಾವ ಅವು ಹೋದ ದಿಕ್ಕನ್ನೇ ನೋಡುತ್ತಿದ್ದರು. ನಾನೇ ಹುಟ್ಟು ಹಾಕಿ ದಡ ಮುಟ್ಟಿಸಿದೆ.

ದೋಣಿ ಕಟ್ಟಿಹಾಕಿ, ಮೈಯೆಲ್ಲ ಕೆಸರು ಮೆತ್ತಿಕೊಂಡು, ಮಾವ ನನ್ನ ಭುಜ ಹಿಡಿದು ಮೆಟ್ಟಿಲು ಹತ್ತುತ್ತ ಕೇಳಿದರು:

"ನಾಳೆ ಇಳಿತ ಎಷ್ಟೊತ್ತಿಗಮ್ಮ?"